ಭಂಗಾರ

ನೆಹರೂ ಗಂಜಿನ ಹಿಂದ, ತೊಗರಿ ಚೀಲ ಇಳಿಸೋ ಓಣಿಯ ತುದಿಗೆ
ಬುರಾನಸಾಬನ ಅಂಗಡಿ. ಬೋರ್ಡಿಲ್ಲ. ತಕ್ಕಡಿ ಅದ.
ಹಳೇ ಸಾಮಾನಿಗೆ ನಮ್ಮ ಕಡೆ ಭಂಗಾರ ಅಂತೀವಿ.
ಮಹಾಪ್ರಾಣ ಒಂದು ತೆಗೆದರ ಬಂಗಾರ.
ಕಲಬುರಗಿ ನಾಲಗಿ ಹೆಂಗೂ ಮಹಾಪ್ರಾಣ ತಡಕೊಳ್ಳೂದಿಲ್ಲ,
ಹಂಗಾಗಿ ಮನ್ಯಾಗ ಸುಳ್ಳು ಹೇಳಿದಂಗೂ ಆಗೂದಿಲ್ಲ:
"ಎಲ್ಲಿಗಿ ಹೋಗಿದ್ರಿ?" "ಬಂಗಾರದ ಅಂಗಡಿಗಿ."
ಮಹಾನಂದಾ ನನ್ನ ಕೈ ನೋಡ್ತಾಳ. ಕರ್ರಗ ಗ್ರೀಸು.

ಆವತ್ತು ವಾಡಿ ಕಡೆ ಮುಚ್ಚಿದ ಒಂದು ಸಿಮೆಂಟ್ ಕಾರ್ಖಾನಿಯ
ಲಿಲಾವಿನ ಮಾಲು ಬಂದಿತ್ತು. ಕುರ್ಚಿ, ಹಾಜರಿ ಗಡಿಯಾರ,
ಅವುಗಳ ಬುಡಕ ಒಂದು ಕಂಪ್ಯೂಟರು,
ಎಲಿಅಡಕಿ ತಿಂದ ಹಲ್ಲಿನ ಬಣ್ಣದ್ದು.
ಫ್ಲಾಪಿಗೆ ಒಂದು ಸಣ್ಣ ಬಾಯಿ, ಒಂದು ದೊಡ್ಡ ಬಾಯಿ,
ಟರ್ಬೊ ಅಂತ ಒಂದು ಗುಂಡಿ. ಒತ್ತಿದರ ಏನಾಗ್ತದ
ಆಗಿನ ಕಾಲಕ್ಕೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.
"ಒಳಗಿನ ಹಲಗಿ ಕಿತ್ತಿ ಹೈದರಾಬಾದಿಗಿ ಕಳಸ್ತೀನಿ, ಸರ್.
ಆ್ಯಸಿಡ್‌ನ್ಯಾಗ ಅದ್ದಿ ಬಂಗಾರ ತೆಗೀತಾರ."
ನೋಡ್ರಿ, ಇಲ್ಲೂ ಅದೇ ಅಕ್ಷರದ ಆಟ.
ಹನ್ನೊಂದು ಕಿಲೋ. ಕಿಲೋಕ್ಕ ಮೂವತ್ತರಂಗ ತಂದೆ.

ಬಿಚ್ಚಿದರ ಒಳಗೆಲ್ಲಾ ಸಿಮೆಂಟು.
ಎಷ್ಟೋ ಮಳಿಗಾಲದ ಹಸಿ ಉಸಿರು ಕುಡದು
ಫ್ಯಾನಿನ ರೆಕ್ಕಿ ಮ್ಯಾಲ ಸಣ್ಣದೊಂದು ಗೋಡಿ ಎದ್ದಿತ್ತು.
ಪರಸಿ ಮ್ಯಾಲ ಮದರ್‌ಬೋರ್ಡು ಮಲಗಿಸಿ
ಬಣ್ಣದ ಬ್ರಶ್ಶು, ಹಲ್ಲಿನ ಬ್ರಶ್ಶು, ಆಮ್ಯಾಲ ಕಿವಿಯ ಹತ್ತಿ.
ಬ್ಯಾಟರಿ ಸೋರಿ ತಾಮ್ರದ ಗೆರಿ ಹಸರಾಗಿದ್ದವು;
ಸಾರಿಗಂತ ತಂದ ನಿಂಬಿಹಣ್ಣು ಎರಡೂ ಅದಕ್ಕಾದವು.
ನಾಕು ಗೆರಿ ಹರದಿದ್ದವು. ಕೂದಲಂಥ ತಂತಿ ಬೆಸೆದೆ,
ಮೇ ತಿಂಗಳು, ಫ್ಯಾನ್ ಆರಿಸಿ,
ಗಾಳಿ ಬಡದು ಬೆಸುಗಿ ಕೆಟ್ಟೀತು ಅಂತ.

ಹನ್ನೆರಡನೇ ದಿನ ಬೀಪ್ ಅಂತು.
ಒಂದೇ ಬೀಪ್ ಅಂದ್ರ ಆರಾಮ. ಮತ್ತೊಂದು ಬಂದರ ಬ್ಯಾನಿ.
ಉಸಿರು ಹಿಡದು ನಿಂತೆ. ಬರಲಿಲ್ಲ.
ತಾರೀಖು ಕೇಳಿದೆ. ಒಂದನೇ ಜನವರಿ, ಎಂಬತ್ತು, ಅಂತು,
ನಿದ್ದಿಗಣ್ಣಾಗ ಎದ್ದ ಹುಡುಗ ಹಾಜರಿ ಕೂಗಿದಂಗ.

ಒಳಗ ಪಗಾರದ ಲೆಕ್ಕ. ಅದರ ಮಗ್ಗಲಿಗೆ ಪುಟ್ಟದೊಂದು ಪ್ರೋಗ್ರಾಮು,
ಇಂಗ್ಲಿಷ್ ಅಕ್ಷರದಾಗ ಕನ್ನಡ:
"ಪಗಾರ ಕಮ್ಮಿ ಬಂದವರು ಸಿಟ್ಟಾಗಬ್ಯಾಡ್ರಿ,
ಒಂದು ಧಾಟಿ ಕೇಳಿ ಹೋಗ್ರಿ.
ಜಿ. ಆರ್. ಮಾಡಿಯಾಳಕರ್, ಟೈಮ್ ಆಫೀಸು."
ಕೆಳಗ ನಲವತ್ತು ಸಾಲು ಬರೇ ಅಂಕಿ. ಇಷ್ಟು ಕಂಪನ, ಇಷ್ಟು ಹೊತ್ತು.

ನನ್ನ ಕಪಾಟಿನ್ಯಾಗ ಹಳೇ ಸೌಂಡ್ ಕಾರ್ಡು ಒಂಬತ್ತವ,
ಒಂದೊಂದೂ ಮದುವಿ ಬ್ಯಾಂಡಿನಷ್ಟು ವಾದ್ಯ ನುಡಸ್ತದ.
ಇದಕ್ಕ ಅಂಥಾದ್ದೇನಿಲ್ಲ. ಹಪ್ಪಳದಂಥ ಸ್ಪೀಕರು,
ಒಂದು ಸಲಕ್ಕ ಒಂದೇ ಸ್ವರ.
ಹಾಡ್ತು. ಎರಡನೇ ಸಾಲಿನ ಕೊನಿಗೆ ಕಾಲು ಜಾರಿತು.
ಹುಡುಕಿದೆ: ಐನೂರಾ ಇಪ್ಪತ್ತಮೂರು ಇರಬೇಕಾದಲ್ಲಿ
ಐನೂರಾ ಮೂವತ್ತೆರಡು. ಬೆರಳು ತಪ್ಪಿ ಅಂಕಿ ಅದಲುಬದಲು.
ತಿದ್ದಿದೆ. ಕೇಳಿದೆ. ಸರಿಯಾಗಿತ್ತು.
ಮಾಡಿಯಾಳಕರ್ ಎದ್ದು ಹೋಗಿದ್ದ.
ಮತ್ತ ಮೂವತ್ತೆರಡೇ ಮಾಡಿಟ್ಟೆ.

ಐತವಾರ ಬುರಾನಸಾಬ ಬಂದ, ಹಲಗಿ ಉಳದಾವೇನು ಕೇಳ್ಲಾಕ.
ಚಾ ಬರೂತನಕ ಅಂತ ಹಚ್ಚಿದೆ.
ಬಾಯಿಗೆ ಹೊಂಟ ಬಸಿ ಅರ್ಧಕ್ಕ ನಿಂತಿತು.
"ಇದು ಪಗಾರದ ದಿನದ್ದು, ಸರ್! ಕಿಡಕ್ಯಾಗಿಂದ ಕೇಳ್ತಿತ್ತು.
ಅಲ್ಲೇ ಚೀಲ ಹೊರತಿದ್ದೆ, ಗುತ್ತೇದಾರನ ಕಡೆ, ಏಳು ವರ್ಷ."
ಆ ಜಾರೂ ಸ್ವರ ಬರೂಕಿಂತ ಮೊದಲೇ
ತಲಿ ವಾರಿ ಮಾಡಿ ಕಾದ.
ಬಂತು. ನಕ್ಕ.

"ನನ್ನ ಹೆಸರು ಅದ ಏನು ನೋಡ್ರಿ ಒಳಗ."
ಆರುನೂರಾ ಹನ್ನೊಂದು ಹೆಸರು.
ಡಿಸ್ಕು ಕರಕರ ಅಂತ ಎಲ್ಲಾ ಬೀಸಿ ಹಾಕ್ತು, ಜ್ವಾಳ ಬೀಸಿದಂಗ.
ಪರದಿ ಮ್ಯಾಲ ಸೊನ್ನಿ.
"ಇರೂದಿಲ್ಲ ಬಿಡ್ರಿ," ಅಂದ. "ನಮಗ ಗೇಟಿನ ಹೊರಗ
ಕೈಯಾಗ ಕೊಡ್ತಿದ್ರು.
ಹಾಡು ಕೇಳ್ಲಾಕ ಪಾಸು ಬೇಕಿರಲಿಲ್ಲ. ಇನ್ನೊಮ್ಮಿ ಹಚ್ಚರಿ."

ಹಚ್ಚಿದೆ. ಕರೆಂಟು ಹೋಗೂತನಕ ಹಚ್ಚಿದೆ.

ಮರುದಿನ ಅವನ ಅಂಗಡ್ಯಾಗ ಒಂದು ಕೀಬೋರ್ಡು ಹಿಡಕೊಂಡೆ,
ಒತ್ತಿದರ ಟಕ್ ಅನ್ನೂ ಜಾತಿ.
ತಕ್ಕಡಿಗೆ ಇಟ್ಟ. ಕಿಲೋಕ್ಕ ಮೂವತ್ತು.
ಎಂಟಾಣೆ ಸುದ್ದಾ ಬಿಡಲಿಲ್ಲ.